ಒಣಕೋಣೆಯಲ್ಲಿ ನಿನ್ನ ಜಾಗ

ಮಾರ್ಚ್ ೪, ಭಾನುವಾರ

ಅಕ್ಕನಿಗೆ ನಮಸ್ಕಾರ.

ನಾವೆಲ್ಲ ಇಲ್ಲಿ ಹೇಗೋ ನಡೆಸಿಕೊಂಡು ಹೋಗುತ್ತಿದ್ದೇವೆ. ಅಲ್ಲಿ ನೀನು, ಮಗ, ಸೊಸೆ, ಮೊಮ್ಮಗು ಆರಾಮವಾಗಿದ್ದೀರಿ ಅಂದುಕೊಂಡು ಬರೆಯುತ್ತಿದ್ದೇನೆ. ನಿನ್ನ ಎರಡು ಕಾಗದ ಬಂದು ಕೂತಿವೆ. ಒಂದಕ್ಕೂ ಉತ್ತರ ಹಾಕಲಿಲ್ಲ ಅಂತ ನೀನು ಮುಖ ಊದಿಸಿಕೊಂಡಿರುತ್ತೀಯ, ಅದೂ ಗೊತ್ತು. ಏನು ಮಾಡಲಿ ಹೇಳು. ದಿನವೆಲ್ಲ ಬಟ್ಟಲಿನ ಅಚ್ಚುಗಳಿಗೆ ನೀರು ಬೆರೆತ ತೆಳುಮಣ್ಣು ಹೊಯ್ದು, ಎತ್ತಿ, ಬಗ್ಗಿಸಿ, ಸಂಜೆ ಮನೆಗೆ ಬರುವ ಹೊತ್ತಿಗೆ ಈ ಎರಡು ಭುಜ ನನ್ನವೇ ಅಲ್ಲ ಅನ್ನಿಸುತ್ತದೆ. ಪೆನ್ನು ಹಿಡಿದರೆ ಬೆರಳ ಸಂದಿಯ ಬಿರುಕು ಬಾಯಿ ಬಿಡುತ್ತದೆ. ಹಸಿಕೋಣೆಯಲ್ಲಿ ನನಗಿಂತ ಹೆಚ್ಚು ಕಾಲ ಕೈ ಅದ್ದಿದವಳು ನೀನು, ನಿನಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ.

"ನನ್ನ ವಟವಟ ಹೇಗಿದ್ದಾಳೆ" ಅಂತ ಎರಡು ಕಾಗದದಲ್ಲೂ ಕೇಳಿದ್ದೀಯ. ಹೆತ್ತದ್ದು ನಾನು, ಆದರೆ ಅವಳು ನಿನ್ನ ವಟವಟ. ಇರಲಿ ಬಿಡು, ನನಗೇನೂ ಹೊಟ್ಟೆಕಿಚ್ಚಿಲ್ಲ. ಒಣಕೋಣೆಯಲ್ಲಿ ಕೂತು ಒಣಗಿದ ಬಟ್ಟಲುಗಳ ಅಂಚು ಕೆರೆದು, ಮರಳುಕಾಗದದಲ್ಲಿ ಉಜ್ಜಿ, ಭಟ್ಟಿಗೆ ಕಳಿಸುತ್ತಿದ್ದಾಳೆ. ಒಂದು ಕೆಮ್ಮು ಮಾತ್ರ ಹಿಡಿದುಕೊಂಡಿದೆ. ಚಳಿ ಹೋದರೆ ಹೋಗುತ್ತದೆ ಅಂದಳು. ಚಳಿ ಹೋಯಿತು, ಕೆಮ್ಮು ಹೋಗಲಿಲ್ಲ. ಡಾಕ್ಟರ ಹತ್ತಿರ ಹೋಗೋಣ ಬಾ ಅಂದರೆ, "ಒಣಕೋಣೇಲಿ ಯಾರಿಗಮ್ಮ ಕೆಮ್ಮಿಲ್ಲ?" ಅನ್ನುತ್ತಾಳೆ. ಅದೂ ನಿಜವೇ. ಒಬ್ಬಳು ಶುರು ಮಾಡಿದರೆ ಆ ಸಾಲಿಗೆ ಸಾಲೇ ಕೆಮ್ಮುವುದು ಗೋಡೆಯಾಚೆ ನಮಗೆ ಕೇಳಿಸುತ್ತಿತ್ತು, ನಾವಿಬ್ಬರೂ ನಗುತ್ತಿದ್ದೆವಲ್ಲ. ಈಗ ನನಗೆ ನಗು ಬರುವುದಿಲ್ಲ. ಅಷ್ಟು ಕೆಮ್ಮಿನಲ್ಲಿ ಇವಳದು ಯಾವುದು ಅಂತ ಕಿವಿ ಹುಡುಕುತ್ತದೆ, ಸಿಕ್ಕಿದ ಕೂಡಲೇ ಕೈಯಲ್ಲಿರುವ ಅಚ್ಚು ಓರೆಯಾಗುತ್ತದೆ. ಈ ಹುಡುಗಿಯ ಎದೆ ಸರಿಯಾಗಿದ್ದರೆ ಸಾಕಪ್ಪಾ, ನನಗೆ ಬೇರೇನೂ ಬೇಡ ಅನ್ನಿಸಿಬಿಟ್ಟಿದೆ.

ಹೋದ ತಿಂಗಳು ಇಲ್ಲಿ ಒಂದು ದೊಡ್ಡ ನಾಟಕವಾಯಿತು. ಕಾರ್ಖಾನೆಗಳ ತಪಾಸಣೆ ಇಲಾಖೆಯಿಂದ ಒಬ್ಬ ಹೆಂಗಸು ಬಂದರು. ಕೆಲಸದ ಜಾಗದ ಗಾಳಿಯಲ್ಲಿ ಎಷ್ಟು ಧೂಳಿದೆ ಅಂತ ಅಳೆಯುವುದೇ ಅವರ ಉದ್ಯೋಗವಂತೆ. ಧೂಳು ಅಳೆಯುವುದಕ್ಕೂ ಸಂಬಳ ಕೊಡುತ್ತಾರಾ ಅಂತ ನಾವೆಲ್ಲ ಮುಖಮುಖ ನೋಡಿಕೊಂಡೆವು. ನಿನ್ನ ವಟವಟ ನಿಂತ ನಿಲುವಿನಲ್ಲೇ ಅವರಿಗೆ ಧೂಳಮ್ಮ ಅಂತ ಹೆಸರಿಟ್ಟಳು. ನನ್ನ ವಯಸ್ಸೇ ಇರಬೇಕು. ದಪ್ಪ ಕನ್ನಡಕ, ಸವೆದ ಬೂಟು, ಪೆಟ್ಟಿಗೆ ಹೊತ್ತು ಹೊತ್ತು ಒಂದು ಕಡೆಗೆ ವಾಲಿದ ಭುಜ. ಎಲ್ಲರ ಹತ್ತಿರವೂ ಮೆತ್ತಗೆ ಮಾತಾಡುತ್ತಾರೆ, ಆದರೆ ನಿದ್ದೆ ಸಾಲದವರ ಹಾಗೆ ನಡುನಡುವೆ ಕಣ್ಣು ಮುಚ್ಚುತ್ತಾರೆ.

ಅವರು ಬಂದು ಹೇಳಿದ್ದು ಇಷ್ಟು. ಮುಂದಿನ ವಾರ ಒಣಕೋಣೆಯ ಒಬ್ಬಳಿಗೆ ಒಂದು ಸಣ್ಣ ಪಂಪು ಕಟ್ಟುತ್ತಾರೆ. ಸೊಂಟದಲ್ಲಿ ಪಂಪು, ಬೆನ್ನ ಮೇಲಿಂದ ಒಂದು ಕೊಳವೆ, ಕತ್ತಿನ ಪಟ್ಟಿಯ ಹತ್ತಿರ ಗುಂಡಿಯಷ್ಟಗಲದ ಜಾಲರಿ. ಅವಳು ಉಸಿರಾಡುವ ಗಾಳಿಯನ್ನೇ ಅದೂ ದಿನವೆಲ್ಲ ಎಳೆದುಕೊಳ್ಳುತ್ತದೆ, ಧೂಳು ಜಾಲರಿಯಲ್ಲಿ ಕೂರುತ್ತದೆ, ಅದನ್ನು ತೂಗುತ್ತಾರೆ. ಎಂದಿನ ಹಾಗೆ ಕೆಲಸ ಮಾಡಿ, ನನ್ನನ್ನು ಲೆಕ್ಕಕ್ಕೆ ಇಡಬೇಡಿ ಅಂದರು.

ಎಂದಿನ ಹಾಗೆ ಅಂದರೆ ನಮ್ಮವರು ಕೇಳುತ್ತಾರಾ? ಇಲಾಖೆಯವರು ಒಣಕೋಣೆಯವರ ಚೊಕ್ಕತನ ಪರೀಕ್ಷೆ ಮಾಡಲು ಬರುತ್ತಿದ್ದಾರೆ ಅಂತ ಎಲ್ಲರ ತಲೆಯಲ್ಲೂ ಕೂತುಬಿಟ್ಟಿತು. ಹೊರಗಿನವರು ಬಂದಾಗ ಧೂಳು ಸಿಕ್ಕಿದರೆ ಮರ್ಯಾದೆ ಏನಾಗಬೇಕು? ಮೇಸ್ತ್ರಿಯೂ ಅದನ್ನೇ ಹೇಳಿದ, ಕಾರ್ಖಾನೆ ಮಾನ ನಿಮ್ಮ ಕೈಯಲ್ಲಿದೆ ಅಂತ. ಪಂಪಿನ ದಿನ ಎಲ್ಲರೂ ಬೆಳಕು ಹರಿಯುವ ಮೊದಲೇ ಬಂದು ನೆಲ ತೊಳೆದರು, ಹಲಗೆಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರು, ಏಪ್ರನ್ ಒಗೆದು ಹಾಕಿಕೊಂಡರು. ಗಾಳಿ ಬಡಿದರೆ ಬಟ್ಟಲು ಸೀಳುತ್ತದೆ ಅಂತ ಎಂದೂ ತೆಗೆಯದ ಕಿಟಕಿಗಳನ್ನೂ ತೆಗೆದರು. ಸಂಜೆ ಕಸವನ್ನೇ ಗುಡಿಸಲಿಲ್ಲ.

ಪಂಪು ಕಟ್ಟಿದ್ದು ನಿನ್ನ ವಟವಟಳಿಗೆ. ಆಹಾ, ಅವಳ ಉಪಚಾರ ನೋಡಬೇಕಿತ್ತು! ಯಂತ್ರ ಹೊತ್ತವಳು ದಣಿಯಬಾರದು ಅಂತ ಅವಳ ಪಾಲಿನ ಬಟ್ಟಲುಗಳನ್ನು ಉಳಿದವರು ಹಂಚಿಕೊಂಡು ಉಜ್ಜಿದರು. ಅವಳನ್ನು ಕಿಟಕಿ ಪಕ್ಕ ಸ್ಟೂಲು ಹಾಕಿ ಕೂರಿಸಿ, ಸುಟ್ಟು ಬಂದ ಬಟ್ಟಲುಗಳಿಗೆ ಕಾಗದ ಸುತ್ತುವ ಕೆಲಸ ಕೊಟ್ಟರು. ಬಸುರಿಗೂ ಯಾರೂ ಅಷ್ಟು ಮಾಡುವುದಿಲ್ಲ. ಧೂಳಮ್ಮ ಬೆಳಗ್ಗೆ ಪಂಪು ಕಟ್ಟಿ, ಬೇರೆ ಕಾರ್ಖಾನೆಗೆ ಓಡಿ, ಸಂಜೆ ಬಂದು ಬಿಚ್ಚಿಕೊಂಡು ಹೋದರು. ಅವರಿಗೆ ಇದೊಂದೂ ಗೊತ್ತಾಗಲಿಲ್ಲ.

ಮೊನ್ನೆ ಫಲಿತಾಂಶ ಬಂತು. ಮಿತಿಗಿಂತ ಎಷ್ಟೋ ಕಡಿಮೆಯಂತೆ. ಸಾಹುಕಾರರು ಒಣಕೋಣೆಯ ಬಾಗಿಲಿಗೇ ಬಂದು, ನಮ್ಮ ಹೆಣ್ಣುಮಕ್ಕಳ ಚೊಕ್ಕತನ ಅಂದರೆ ಸುಮ್ಮನೆಯಾ ಅಂದು ಎಲ್ಲರಿಗೂ ಚಹಾ ತರಿಸಿದರು. ನಾವು ಹಸಿಕೋಣೆಯವರೂ ಹೋಗಿ ಕುಡಿದೆವು. ನಿಜ ಹೇಳಬೇಕೆಂದರೆ ಎಲ್ಲರಿಗಿಂತ ಹೆಚ್ಚು ಖುಷಿಯಾದದ್ದು ನನಗೆ. ಧೂಳಿನಿಂದ ಅಲ್ಲವಾದರೆ ಅವಳ ಕೆಮ್ಮು ಬರೀ ನೆಗಡಿಯದೇ ಇರಬೇಕು ಅಂತ ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ.

ನಿನ್ನ ಕೈ ಈಗ ಹೇಗಿದೆ, ಬರೆ. ಮೊಮ್ಮಗುವಿಗೆ ನನ್ನ ಮುತ್ತು.

ಇಂತಿ,
ಹಸಿಕೋಣೆಯಲ್ಲಿ ನಿನ್ನ ಪಕ್ಕದಲ್ಲಿ ನಿಲ್ಲುತ್ತಿದ್ದ ತಂಗಿ


ಏಪ್ರಿಲ್ ೨೨

ಅಕ್ಕ,

ಈ ಸಲ ಕ್ಷೇಮಸಮಾಚಾರ ಆಮೇಲೆ. ಮೊದಲು ನಾನು ಕಂಡದ್ದನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ತಲೆ ಸಿಡಿದುಹೋಗುತ್ತದೆ.

ಧೂಳಮ್ಮ ಮತ್ತೆ ಬಂದರು. ಈ ಸಲ ಹೇಳಿ ಕೇಳಿ ಬರಲಿಲ್ಲ. ಬಂದವರೇ ಒಣಕೋಣೆಯಲ್ಲಿ ಸ್ಟೂಲು ಹತ್ತಿ ಟ್ಯೂಬ್‌ಲೈಟಿನ ಪಟ್ಟಿಯ ಮೇಲೆ ಬೆರಳೆಳೆದು ನೋಡಿದರು. ನೆಲ, ಹಲಗೆ ಎಲ್ಲ ತೊಳೆದಿದ್ದರಲ್ಲ, ಅಲ್ಲಿಗೆ ಯಾರ ಕೈಯೂ ಎಟಕಿರಲಿಲ್ಲ. ಅವರ ಬೆರಳು ಗಿಣ್ಣಿನ ತನಕ ಬೆಳ್ಳಗಾಯಿತು. ಇಂಥ ಕೋಣೆಗಳಲ್ಲಿ ನಾನು ಇಷ್ಟು ಕಡಿಮೆ ಎಲ್ಲೂ ಕಂಡಿಲ್ಲ, ಪಂಪು ಕಟ್ಟಿದ ದಿನ ಏನೇನು ಮಾಡಿದಿರಿ, ಹೇಳಿ ಅಂತ ಕೇಳಿದರು. ನಮ್ಮವರಿಗೆ ಮುಚ್ಚಿಡಲು ಏನಿದೆ? ಹೆಮ್ಮೆಯಿಂದಲೇ ಹೇಳಿದರು. ಕೇಳಿ ಅವರಿಗೆ ನಗು ಬಂತು, ಆಮೇಲೆ ಕನ್ನಡಕ ತೆಗೆದು ಎಷ್ಟೋ ಹೊತ್ತು ಒರೆಸುತ್ತಾ ಕೂತರು.

"ತಪ್ಪು ನಂದೇ," ಅಂದರು. "ನಿಂತು ನೋಡಬೇಕಿತ್ತು. ನಾನು ಅಳೆಯೋಕೆ ಬಂದಿದ್ದು ನಿಮ್ಮನ್ನಲ್ಲ ಕಣ್ರಮ್ಮ, ಗಾಳೀನ."

ಅವರ ಎರಡನೇ ಪೆಟ್ಟಿಗೆಯಲ್ಲಿ ಒಂದು ದೀಪವಿತ್ತು. ಕಿಟಕಿಗಳಿಗೆಲ್ಲ ಕಂಬಳಿ ಹಾಕಿಸಿದರು, ಲೈಟು ಆರಿಸಿದರು. ದೀಪವನ್ನು ಕೆಲಸದವಳ ಆಚೆ ಬದಿಗೆ ನಿಲ್ಲಿಸಿ, ಅದರ ಬೆಳಕು ನಮ್ಮ ಕಣ್ಣಿಗೆ ನೇರ ಹೊಡೆಯದ ಹಾಗೆ ಒಂದು ರಟ್ಟು ಅಡ್ಡ ಇಟ್ಟರು. ಹಗಲ ಬೆಳಕಿನಲ್ಲಿ ಕಾಣದ ಸಣ್ಣ ಧೂಳು ಹೀಗೆ ಹಿಂದಿನಿಂದ ಬೆಳಕು ಬಿದ್ದರೆ ಕಾಣುತ್ತದಂತೆ. ನಮ್ಮನ್ನೂ ಕರೆದರು. ನಾನು ಕೈ ಕೂಡ ತೊಳೆಯದೆ ಹೋಗಿ ಬಾಗಿಲಲ್ಲಿ ನಿಂತೆ.

ದೀಪದ ಮುಂದೆ ಕೂತಿದ್ದವಳು ನಿನ್ನ ವಟವಟ. ಮೊದಲು ಪಂಪು ಹೊತ್ತವಳು ಅವಳಾದ್ದರಿಂದ ಇದಕ್ಕೂ ಅವಳನ್ನೇ ಮುಂದೆ ತಳ್ಳಿದ್ದರು. ಎಂದಿನ ಹಾಗೆ ಒಂದು ಬಟ್ಟಲು ತೆಗೆದುಕೊಂಡು ಅಂಚು ಕೆರೆದಳು. ಅವಳ ಬೆರಳುಗಳ ಸುತ್ತ ಹಾಲು ಕಾಯುವಾಗ ಏಳುವ ಹಬೆಯ ಹಾಗೆ ಬೆಳ್ಳಗೆ ಎದ್ದಿತು. ಮರಳುಕಾಗದ ಆಡಿಸಿದಳು, ಇನ್ನೂ ಎದ್ದಿತು. ಆಮೇಲೆ ಬಟ್ಟಲನ್ನು ಬಾಯಿಯ ಹತ್ತಿರ ತಂದು ಒಳಗೆ ಫೂ ಅಂತ ಊದಿದಳು. ಒಣಕೋಣೆಯಲ್ಲಿ ಎಲ್ಲರೂ ಹಾಗೇ ಊದಿ ಇಡುವುದು, ಒಳಗೆ ಪುಡಿ ಉಳಿದರೆ ಭಟ್ಟಿಯಲ್ಲಿ ಕಲೆಯಾಗುತ್ತದಲ್ಲ. ಆ ಬಿಳಿ ಹಬೆಯಷ್ಟೂ ಬಟ್ಟಲ ತಳಕ್ಕೆ ಬಡಿದು ತಿರುಗಿ ಅವಳ ಮುಖಕ್ಕೇ ಬಂತು. ಊದಿದವಳು ಉಸಿರು ಎಳೆದುಕೊಳ್ಳಲೇಬೇಕಲ್ಲ ಅಕ್ಕ. ಎಳೆದುಕೊಂಡಳು. ಅದು ಮೂಗಿನೊಳಗೆ ಹೋದದ್ದನ್ನು ನಾನು ಕಣ್ಣಾರೆ ನೋಡಿದೆ.

ಅಷ್ಟಕ್ಕೇ ನಿಲ್ಲಲಿಲ್ಲ. ಅವಳು ಕೈ ಒರೆಸಿಕೊಂಡಾಗ ಏಪ್ರನಿನಿಂದ ಒಂದು ಮೋಡ ಎದ್ದು ಗಲ್ಲದ ತನಕ ಏರಿತು. ಎದ್ದು ನಿಂತಾಗ ಇನ್ನೊಂದು. ಕೊನೆಗೆ ಧೂಳಮ್ಮ, ಸಂಜೆ ಹೇಗೆ ಗುಡಿಸುತ್ತೀರೋ ಹಾಗೆ ಗುಡಿಸಿ ಅಂದರು. ಮೇಸ್ತ್ರಿ ಪೊರಕೆ ಹಿಡಿದು ಎರಡು ಸಲ ಎಳೆದ ಅಷ್ಟೆ, ಆ ಬೆಳಕಿನಲ್ಲಿ ಆಚೆ ಮೂಲೆಯಲ್ಲಿ ನಿಂತವರು ಮಸುಕಾದರು. ಸಾಲಿನಲ್ಲಿ ಎಲ್ಲರಿಗಿಂತ ಹಿರಿಯಳಾದ ಕುಳ್ಳಿ ಎರಡೂ ಕೈ ಬೀಸಿ ಅದನ್ನು ಓಡಿಸಲು ನೋಡಿದಳು, ಅವಳು ಬೀಸಿದಷ್ಟೂ ಅದು ಅವಳ ಸುತ್ತಲೇ ಸುತ್ತಿತು.

ಧೂಳಮ್ಮ ಲೈಟು ಹಾಕಿಸಿದರು. ಕೂಡಲೇ ಕೋಣೆ ಎಂದಿನಂತೆ ಚೊಕ್ಕವಾಗಿ ಕಂಡಿತು. ಅವರು ಹೇಳಿದ್ದು ಇದು. ಕಣ್ಣಿಗೆ ಕಾಣುವ ದಪ್ಪ ಧೂಳು ಮೂಗಿನಲ್ಲಿ, ಗಂಟಲಿನಲ್ಲಿ ನಿಂತು ಕಫದೊಂದಿಗೆ ಬರುತ್ತದೆ. ಕಾಣದ್ದು ಎದೆಯ ಆಳಕ್ಕೆ ಇಳಿದು ಅಲ್ಲೇ ಕೂರುತ್ತದೆ. ನಮ್ಮ ಮಣ್ಣಿನಲ್ಲಿ ಕಲ್ಲಿನ ಪುಡಿ ಬೆರೆತಿದೆಯಲ್ಲ, ಅದು ಕೂತಲ್ಲಿ ಗಾಯ ಮಾಡುತ್ತದೆ, ಗಾಯ ಮಾಯ್ದರೆ ಗಟ್ಟಿಯಾಗುತ್ತದೆ, ಗಟ್ಟಿಯಾದ ಜಾಗ ಮತ್ತೆ ಉಸಿರಾಡುವುದಿಲ್ಲ.

ಆಮೇಲೆ ದೀಪವನ್ನು ನಮ್ಮ ಹಸಿಕೋಣೆಗೂ ತಂದರು. ಮಣ್ಣು ಹೊಯ್ದೆ, ಅಚ್ಚು ಬಿಚ್ಚಿದೆ, ಬಟ್ಟಲು ತೆಗೆದೆ. ಬೆಳಕಿನಲ್ಲಿ ಹೆಚ್ಚೇನೂ ಕಾಣಲಿಲ್ಲ. ಮಣ್ಣು ನೀರಿನಲ್ಲಿ ಇರುವ ತನಕ ಮೇಲೆ ಏಳುವುದಿಲ್ಲ, ಒಣಗಿ ಹಾರಿದಾಗಲೇ ಅಪಾಯ, ನೀವು ಪುಣ್ಯವಂತರು ಅಂದರು. ನಾವು ಪುಣ್ಯವಂತರಂತೆ ಅಕ್ಕ! ಕೈ ಕೊಳೆಯುತ್ತದೆ, ಕೀಲು ಹಿಡಿಯುತ್ತದೆ, ಯಾವಾಗ ಒಂದು ಒಣ ಜಾಗ ಸಿಕ್ಕೀತು ಅಂತ ಜೀವಮಾನವೆಲ್ಲ ಒಣಕೋಣೆಯ ಬಾಗಿಲನ್ನೇ ನೋಡುತ್ತಿದ್ದವರು ನಾವು.

ಒಣಕೋಣೆಯಲ್ಲಿ ಭಟ್ಟಿಯ ಗೋಡೆಗೆ ಒತ್ತಿದ ಆ ಬೆಚ್ಚನೆಯ ಜಾಗ ಖಾಲಿಯಾದ ದಿನ ನಿನಗೆ ಮರೆತಿರಲಾರದು. ಸರದಿಯ ಪ್ರಕಾರ ಅದು ನಿನ್ನದು. ನಿನ್ನ ಕೈ ನೋಡಿ ಡಾಕ್ಟರೇ ಇನ್ನು ನೀರು ಮುಟ್ಟಬೇಡ ಅಂದಿದ್ದರು. ಆಗ ನಿನ್ನ ವಟವಟ ಹಸಿಕೋಣೆಗೆ ಸೇರಿ ಇನ್ನೂ ಮೊದಲ ಚಳಿಗಾಲ, ಬೆರಳೆಲ್ಲ ಒಡೆದು ಅಳುತ್ತಿದ್ದಳು. ನೀನು ನನಗೂ ಹೇಳದೆ ಮೇಸ್ತ್ರಿಯ ಹತ್ತಿರ ಹೋಗಿ, "ಅವಳದು ಎಳೇ ಕೈ, ನಂದು ಹೇಗೂ ಮುಗೀತು, ಆ ಜಾಗ ಹುಡುಗಿಗೆ ಕೊಡಿ" ಅಂದುಬಿಟ್ಟೆ. ನಾನು ನಿನ್ನ ತೋಳು ಹಿಡಿದುಕೊಂಡು ಅತ್ತೆ. ಅಂಥದ್ದನ್ನು ಯಾವ ಒಡಹುಟ್ಟಿದವಳು ಮಾಡುತ್ತಾಳೆ? ಇದನ್ನು ಈಗ ಯಾಕೆ ಬರೆದೆನೋ ಗೊತ್ತಿಲ್ಲ, ಬರೆದದ್ದನ್ನು ಹೊಡೆದುಹಾಕಲೂ ಮನಸ್ಸು ಬರಲಿಲ್ಲ.

ಮತ್ತೆ ಪಂಪು ಕಟ್ಟಿದರು. ಈ ಸಲ ಧೂಳಮ್ಮ ಮೂಲೆಯಲ್ಲಿ ಮುಖಕ್ಕೆ ಕವಚ ಹಾಕಿಕೊಂಡು ಸಂಜೆ ತನಕ ಕದಲದೆ ಕೂತರು. ಲೆಕ್ಕ ಮಿತಿಗಿಂತ ಎಷ್ಟೋ ಪಾಲು ಮೇಲೆ ಬಂತು. ಸಾಹುಕಾರರು ತಲೆ ಮೇಲೆ ಕೈ ಹೊತ್ತುಕೊಂಡರು. ಕೆಟ್ಟ ಮನುಷ್ಯರಲ್ಲ, ಆದರೆ ಹೆದರಿದ್ದಾರೆ. ಒಣಕೋಣೆ ಸರಿಪಡಿಸಬೇಕು, ಅಲ್ಲಿ ಕೂತವರೆಲ್ಲರ ಎದೆಯ ಎಕ್ಸ್‌ರೇ ತೆಗೆಸಬೇಕು ಅಂತ ಆದೇಶವಾಗಿದೆ.

ಇವಳಿಗೆ ಹಸಿಕೋಣೆಗೆ ಬಂದುಬಿಡು ಅಂದೆ. ಮೂಗು ಮುರಿದಳು. ದೊಡ್ಡಮ್ಮ ಕೊಟ್ಟ ಜಾಗ ಬಿಟ್ಟು ಮತ್ತೆ ಕೆಸರಿಗೆ ಬರಬೇಕಾ ಅಂದಳು. ಇಷ್ಟೇ ಮಾತು. ಮೊದಲಾಗಿದ್ದರೆ ಇದೇ ವಿಷಯಕ್ಕೆ ಮಲಗುವ ತನಕ ಪುರಾಣ ಬಿಚ್ಚುತ್ತಿದ್ದಳು. ಈಚೆಗೆ ಮಾತು ಕಡಿಮೆಯಾಗಿದೆ, ದೊಡ್ಡವಳಾದಳು ಅಂದುಕೊಂಡಿದ್ದೆ.

ಕಾಗದ ಬರೆಯುವುದು ತಡವಾದರೆ ಬೇಜಾರು ಮಾಡಿಕೊಳ್ಳಬೇಡ.

ನಿನ್ನ ತಂಗಿ


ಜುಲೈ ೧೫

ಪ್ರೀತಿಯ ಅಕ್ಕನಿಗೆ,

ನಿನ್ನ ಮೂರು ಕಾಗದಕ್ಕೆ ಇದೊಂದೇ ಉತ್ತರ, ಹೊಟ್ಟೆಗೆ ಹಾಕಿಕೋ. ಸಮಯ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಸಂಜೆ ಕಾಗದ ಎದುರಿಗಿಟ್ಟುಕೊಂಡು ಕೂರುತ್ತಿದ್ದೆ, ಆಮೇಲೆ ಮಡಚಿ ಇಡುತ್ತಿದ್ದೆ. ಬಹಳ ದಣಿವು ಅಕ್ಕ. ಮಲಗಿ ಎದ್ದರೂ ಹೋಗದ ದಣಿವು.

ಒಳ್ಳೆಯ ಸುದ್ದಿ ಮೊದಲು. ಒಣಕೋಣೆಯನ್ನು ನೀನು ಈಗ ಬಂದು ನೋಡಿದರೆ ಗುರುತು ಹಿಡಿಯಲಾರೆ. ಪ್ರತಿಯೊಬ್ಬಳ ಮುಂದೆ ಆನೆಯ ಸೊಂಡಿಲಿನಂಥ ಒಂದು ಕೊಳವೆ ಬಂದಿದೆ. ಬಟ್ಟಲನ್ನು ಅದರ ಬಾಯಿಯ ಹತ್ತಿರ ಹಿಡಿದು ಕೆರೆದರೆ ಪುಡಿಯನ್ನು ಎದ್ದ ಜಾಗದಲ್ಲೇ ಹೀರಿಕೊಂಡು ಹೊರಗಿನ ಚೀಲಕ್ಕೆ ಹಾಕುತ್ತದೆ. ಬಟ್ಟಲು ಪೂರ್ತಿ ಒಣಗುವ ತನಕ ಈಗ ಕಾಯುವುದೂ ಇಲ್ಲ. ಸ್ವಲ್ಪ ಹಸಿ ಇರುವಾಗಲೇ ಒದ್ದೆ ಸ್ಪಂಜಿನಲ್ಲಿ ಅಂಚು ತೀಡಬೇಕು, ಮರಳುಕಾಗದಕ್ಕೆ ಉಳಿಯುವುದು ಚೂರೇ ಚೂರು. ಊದುವುದು ಬಂದ್. ಕುಳ್ಳಿಗೆ ಮಾತ್ರ ಆ ಚಾಳಿ ಬಿಡುತ್ತಿಲ್ಲ, ಬಾಯಿ ದುಂಡಗೆ ಮಾಡುತ್ತಾಳೆ, ಪಕ್ಕದವಳು ತಿವಿಯುತ್ತಾಳೆ, ಅವಳು ಸುಮ್ಮನೆ ಸಿಳ್ಳೆ ಹಾಕಿದವಳ ಹಾಗೆ ನಟಿಸುತ್ತಾಳೆ.

ಏಪ್ರನ್ ಈಗ ಮಣ್ಣು ಹಿಡಿಯದ ನುಣುಪು ಬಟ್ಟೆಯದು. ಮನೆಗೆ ತರುವ ಹಾಗಿಲ್ಲ, ಅಲ್ಲೇ ಒಗೆಸುತ್ತಾರೆ. ಪೊರಕೆ ಕಂಡರೆ ಧೂಳಮ್ಮ ಕೆಂಡವಾಗುತ್ತಾರೆ, ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಇಲ್ಲವೇ ಹೀರುವ ಯಂತ್ರ ಹಿಡಿಯಬೇಕು. ಮೇಸ್ತ್ರಿ ಒಂದು ಪೊರಕೆಯನ್ನು ಭಟ್ಟಿಯ ಹಿಂದೆ ಬಚ್ಚಿಟ್ಟು ಸಿಕ್ಕಿಬಿದ್ದ. ಇಷ್ಟು ವರ್ಷ ಕೈಯಲ್ಲಿದ್ದದ್ದು, ಬಿಸಾಡಲು ಮನಸ್ಸು ಬರಲಿಲ್ಲ ಅಂತ ಅವರ ಮುಂದೆ ತಲೆ ಕೆರೆದುಕೊಂಡ. ಮುಖಕವಚವೂ ಕೊಟ್ಟಿದ್ದಾರೆ, ಆದರೆ ಅದನ್ನೇ ನಂಬಿ ಕೂರಬೇಡಿ, ಮೊದಲು ಧೂಳು ಏಳದ ಹಾಗೆ ನೋಡಿಕೊಳ್ಳಬೇಕು, ಎದ್ದರೆ ಹೀರಬೇಕು, ಕವಚ ಆಮೇಲಿನದು ಅಂತ ಧೂಳಮ್ಮ ಬಂದಾಗಲೆಲ್ಲ ಹೇಳುತ್ತಾರೆ. ಹೋದ ವಾರ ಮತ್ತೆ ದೀಪ ಹಚ್ಚಿ ನೋಡಿದರು. ಕುಳ್ಳಿಯ ಕೈಯಿಂದ ಎದ್ದದ್ದು ಎಳೆಎಳೆಯಾಗಿ ಕೊಳವೆಯ ಬಾಯಿಗೆ ಹೋಗಿ ಮಾಯವಾಯಿತು. ಪಂಪಿನ ಲೆಕ್ಕವೂ ಮಿತಿಯೊಳಗೆ ಬಂದಿದೆ, ಈ ಸಲ ನಿಜವಾಗಿ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.

ಎಕ್ಸ್‌ರೇ ವ್ಯಾನು ಬಂದು ಎಲ್ಲರದೂ ತೆಗೆದುಕೊಂಡು ಹೋಯಿತು. ಹಸಿಕೋಣೆಯವರದೂ ತೆಗೆದರು. ನನ್ನ ಎದೆ ಕನ್ನಡಿಯ ಹಾಗಿದೆಯಂತೆ. ಒಣಕೋಣೆಯವರನ್ನು ಒಬ್ಬೊಬ್ಬರಾಗಿ ಕರೆದು ಹೇಳಿದರು.

ನಿನ್ನ ವಟವಟ ಈಗ ಹಸಿಕೋಣೆಯಲ್ಲೇ ಇದ್ದಾಳೆ, ನೀನು ನಿಲ್ಲುತ್ತಿದ್ದ ತೊಟ್ಟಿಯ ಬಳಿ. ಮಣ್ಣು ಹೊಯ್ಯಲು ಮತ್ತೆ ಕಲಿಯುತ್ತಿದ್ದಾಳೆ, ನಾಲ್ಕರಲ್ಲಿ ಒಂದು ಬಟ್ಟಲು ಸೊಟ್ಟ. ಬರುವ ಶನಿವಾರ ಅವಳು ನಿನ್ನ ಮನೆಗೆ ಬರುತ್ತಾಳೆ, ಒಂದಷ್ಟು ದಿನ ಇದ್ದು ಹೋಗಲಿ. ಮೊಮ್ಮಗುವಿಗೆ ನನ್ನ ಆಶೀರ್ವಾದ. ಅದು ಚೆನ್ನಾಗಿ ಉಂಡು, ಓಡಿ, ಗಟ್ಟಿಯಾಗಿ ಕೂಗಾಡಿ ಬೆಳೆಯಲಿ. ನಿನ್ನ ಹರಕೆ ನಮ್ಮ ಮೇಲಿರಲಿ.

ನಿನ್ನ ತಂಗಿ

ಮರೆತ ಮಾತು:

ಮರೆತಿರಲಿಲ್ಲ. ಲಕೋಟೆಗೆ ಅಂಟು ಹಚ್ಚಿದವಳು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ.

ಅವಳ ಎದೆಯಲ್ಲಿ ಕೂತಿದೆ ಅಕ್ಕ. ಎರಡೂ ಕಡೆ, ಮೇಲಿನ ಭಾಗದಲ್ಲಿ. ಡಾಕ್ಟರು ಬೆಳಕಿಗೆ ಹಿಡಿದು ತೋರಿಸಿದರು, ಸಣ್ಣ ಸಣ್ಣ ಬಿಳಿ ಚುಕ್ಕೆ. ಇದನ್ನು ತೆಗೆಯಲು ಔಷಧವಿಲ್ಲವಂತೆ. ಇನ್ನು ಧೂಳು ಸೇರಬಾರದು, ಆಗಾಗ ಪರೀಕ್ಷೆ ಮಾಡಿಸುತ್ತಿರಬೇಕು, ಇದ್ದಷ್ಟಕ್ಕೇ ನಿಲ್ಲಬಹುದು, ಬೆಳೆಯಲೂಬಹುದು ಅಂದರು. ಮನೆಯವರಿಗೆ ಹೇಳಿದೆ. ಅವರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು, ಊಟದ ಹೊತ್ತಿಗೆ ಬಂದು ಉಂಡರು.

ನಿನಗೆ ಬರೆಯದೆ ಇದ್ದದ್ದು ಇದಕ್ಕೇ. ಸಿಟ್ಟು ಬಂದಿತ್ತು, ನಿನ್ನ ಮೇಲೆ. ಹೇಳಿಬಿಡುತ್ತೇನೆ. ಬಟ್ಟೆ ಒಗೆಯುವಾಗ, ಬಸ್ಸಿಗೆ ಕಾಯುವಾಗ, ಯಾಕೆ ಕೊಟ್ಟೆಯೇ ಆ ಜಾಗವನ್ನ, ನಿನ್ನದಾಗಿತ್ತಲ್ಲ, ನೀನೇ ಕೂರಬೇಕಿತ್ತಲ್ಲ ಅಂತ ಒಬ್ಬಳೇ ಬಾಯಿಬಿಟ್ಟು ಬೈದಿದ್ದೇನೆ. ನೀನು ಕೂತಿದ್ದರೆ ಆ ಚುಕ್ಕೆ ನಿನ್ನ ಎದೆಯಲ್ಲಿರುತ್ತಿತ್ತು ಅಂತ ಹೊಳೆದ ದಿನ, ಬಸ್‌ಸ್ಟಾಪಿನಲ್ಲಿ ಜನರೆದುರಿಗೇ ಅತ್ತೆ. ಯಾರ ಎದೆಯಲ್ಲಿ ಇರಲಿ ಅಂತ ನಾನು ಬೇಡಿಕೊಳ್ಳಲಿ? ಈಗ ಸಿಟ್ಟಿಲ್ಲ. ನೀನು ಕೊಟ್ಟದ್ದು ನಿನ್ನ ಹತ್ತಿರ ಇದ್ದದ್ದರಲ್ಲಿ ಒಳ್ಳೆಯದನ್ನೇ. ಅದು ನನಗೆ ಗೊತ್ತು, ಅವಳಿಗೂ ಗೊತ್ತು.

"ದೊಡ್ಡಮ್ಮನಿಗೆ ಮಾತ್ರ ಹೇಳಬೇಡಮ್ಮ," ಅಂತ ಅವಳು ನನ್ನ ಕೈ ಹಿಡಿದುಕೊಂಡು ಹೇಳಿದ್ದಾಳೆ. "ನಾನೇ ಕೊಟ್ಟೆ ಅಂತ ಕೊರಗಿ ಕೊರಗಿ ಸತ್ತೇ ಹೋಗ್ತಾರೆ."

ನಾನು ಆಯಿತು ಅಂದಿದ್ದೆ. ಆದರೆ ನಿನ್ನ ಹತ್ತಿರ ಹೇಳಿಕೊಳ್ಳದೆ ನಾನು ಯಾವ ಸಂಕಟವನ್ನು ಕಳೆದಿದ್ದೇನೆ? ಒಬ್ಬಳೇ ಇಟ್ಟುಕೊಳ್ಳಲು ಆಗುತ್ತಿಲ್ಲ. ಕಾಗದ ಓದಿ ಅಳುವುದಿದ್ದರೆ ಶನಿವಾರಕ್ಕೆ ಮೊದಲೇ ಅತ್ತು ಮುಗಿಸು. ಅವಳೆದುರು ನಿನಗೆ ಏನೂ ಗೊತ್ತಿಲ್ಲ.

ನಿಮ್ಮದು ಮೂರನೇ ಮಹಡಿ ಅಲ್ಲವೇ. ಅವಳು ಮೆಟ್ಟಿಲ ತಿರುವಿನಲ್ಲೆಲ್ಲ ನಿಲ್ಲುತ್ತಾಳೆ. ಕೆಳಗಿಳಿದು ಹೋಗಬೇಡ, ಬೇಗ ಬಾ ಅಂತ ಕೂಗಲೂಬೇಡ, ಬಾಗಿಲು ತೆಗೆದಿಟ್ಟು ಒಳಗೇ ಇರು. ಮೇಲೆ ಬಂದವಳು ಬ್ಯಾಗು ತುಂಬಾ ಭಾರ ದೊಡ್ಡಮ್ಮ ಅನ್ನುತ್ತಾಳೆ. ಅದರಲ್ಲಿ ಎರಡು ಜೊತೆ ಬಟ್ಟೆ ಬಿಟ್ಟರೆ ಏನೂ ಇರುವುದಿಲ್ಲ, ನಾನೇ ತುಂಬಿ ಕಳಿಸುತ್ತಿದ್ದೇನೆ. ನೀನು ಅದನ್ನು ಎತ್ತಿ ನೋಡಿ, ಹೌದು ಕಣೇ, ಭಾರ ಇದೆ ಅನ್ನು.